ನಮ್ಮ ಕಾಡುಕೋಣ ಬೈಸನ್ ಹೌದೇ? ಕಪ್ಪಗಲ್ಲಿನ ಬಂಡೆಯ ಮೇಲಿನ ಗೂಳಿ ಯಾವುದು?

ಪ್ರಶ್ನೆ: ಗಂಗಾವತಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ತಿಂಗಳು ವನ್ಯಜೀವಿಗಳ ಪಾಠ ಮಾಡುವಾಗ, ಕಾಡುಕೋಣಕ್ಕೆ ‘ಇಂಡಿಯನ್ ಬೈಸನ್’ ಎಂಬ ಹೆಸರಿದೆ, ಅದು ಅಮೆರಿಕದ ಬೈಸನ್ನಿಗೆ ಒಡಹುಟ್ಟು ಇದ್ದ ಹಾಗೆ, ನಮ್ಮ ಮನೆಗಳ ಎಮ್ಮೆ ಕೋಣಗಳು ಅದೇ ಕಾಡುಕೋಣದ ಪಳಗಿದ ಸಂತತಿ ಎಂದು ಹೇಳಿದ್ದೆ. ಕಿರುಪರೀಕ್ಷೆಯಲ್ಲಿ ಒಬ್ಬ ಹುಡುಗ ‘ಕಾಡುಕೋಣ ಕೋಣವಲ್ಲ, ಚಿತ್ರದಲ್ಲಿ ಅದಕ್ಕೆ ಕೊರಳ ಕೆಳಗೆ ಗಂಗೆದೊಗಲು ಜೋತಾಡುತ್ತಿದೆ, ನಮ್ಮ ಮನೆಯ ಕೋಣಕ್ಕೆ ಅದಿಲ್ಲ’ ಎಂದು ಬರೆದಿದ್ದ. ನಾನು ಅದನ್ನು ತಪ್ಪೆಂದು ಗೆರೆ ಎಳೆದು ಎರಡು ಅಂಕ ಕಳೆದೆ. ಅವರ ಮನೆಯಲ್ಲಿ ನಾಲ್ಕು ಎಮ್ಮೆಗಳಿವೆ, ದಿನವೂ ಶಾಲೆಗೆ ಬರುವ ಮುನ್ನ ಅವುಗಳ ಮೈ ತೊಳೆಯುವವನೇ ಅವನು. ಆ ರಾತ್ರಿ ಎರಡೂ ಪ್ರಾಣಿಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಹುಡುಗ ಕಂಡದ್ದೇ ಸರಿ ಎನಿಸತೊಡಗಿತು, ನಾನು ಕಲಿಸಿದ್ದರ ಬಗ್ಗೆ ಕಳವಳವೂ ಆಯಿತು.

ಅದಾದ ಮೇಲೆ ಮಕ್ಕಳನ್ನು ಬಳ್ಳಾರಿಯ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೂ ಕಪ್ಪಗಲ್ಲಿನ ಗುಡ್ಡಕ್ಕೂ ಕರೆದುಕೊಂಡು ಹೋಗಿದ್ದೆವು. ಅಲ್ಲಿನ ಕರಿಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಗೂಳಿಗಳಿಗೆ ಉದ್ದನೆಯ ಕೊಂಬು, ಹೆಗಲ ಮೇಲೆ ಎದ್ದು ನಿಂತ ಇಣಿ. ‘ಸರ್, ಇದು ಕಾಡುಕೋಣ ಏನು?’ ಎಂದು ಮಕ್ಕಳು ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ. ಬೈಸನ್, ಕಾಡುಕೋಣ, ಎಮ್ಮೆ, ಆಕಳು ಇವುಗಳ ನಡುವಿನ ನಂಟು ಏನು, ಆ ಬಂಡೆಯ ಮೇಲಿರುವುದು ಯಾವುದು ಎಂಬುದನ್ನು ತಿಳಿದವರು ಸ್ವಲ್ಪ ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ರಾಯಚೂರಿನ ನಿವೃತ್ತ ಪಶುವೈದ್ಯ

ಗುರುಗಳೇ, ಮೊದಲು ಆ ಹುಡುಗನಿಗೆ ಎರಡು ಅಂಕ ಮರಳಿ ಕೊಡಿ. ಮೂವತ್ತು ವರ್ಷ ಹಳ್ಳಿಹಳ್ಳಿ ತಿರುಗಿ ದನ ಎಮ್ಮೆಗಳಿಗೆ ಔಷಧ ಮಾಡಿದವನಾಗಿ ಹೇಳುತ್ತೇನೆ, ಅವನು ಹಿಡಿದ ಗುರುತು ಬಹಳ ಒಳ್ಳೆಯ ಗುರುತು.

ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ನಾವು ಕಾಡುಕೋಣ, ಕಾಡೆಮ್ಮೆ ಎನ್ನುತ್ತೇವೆ, ಹಿಂದಿನ ಕಾಲದ ಇಂಗ್ಲಿಷ್ ಬೇಟೆಗಾರರು ಅದನ್ನು ಬೈಸನ್ ಎಂದರು. ಅದು ಎಮ್ಮೆಯೂ ಅಲ್ಲ, ಬೈಸನ್ನೂ ಅಲ್ಲ. ಮಲೆನಾಡಿನವರು ಕರೆಯುವ ‘ಕಾಟಿ’ ಎಂಬ ಹೆಸರಿನಲ್ಲಿ ಮಾತ್ರ ಈ ಗೊಂದಲವಿಲ್ಲ. ಶಾಸ್ತ್ರದಲ್ಲಿ ಅದು ಬಾಸ್ ಗಾರಸ್, ಅಂದರೆ ನಮ್ಮ ಆಕಳು ಎತ್ತುಗಳು ಸೇರಿದ ಬಾಸ್ ಎಂಬ ಕುಲಕ್ಕೇ ಸೇರಿದ್ದು. ಅದರ ಸಾಕಿದ ರೂಪವೂ ನಮ್ಮ ದೇಶದಲ್ಲಿದೆ: ಅರುಣಾಚಲ ಪ್ರದೇಶ, ನಾಗಾಲ್ಯಾಂಡ್ ಕಡೆಯ ಜನರು ಸಾಕುವ ಮಿಥುನ್. ನಮ್ಮ ಎಮ್ಮೆಯ ಮೂಲ ಬೇರೆಯೇ. ಅದು ಬುಬಾಲಸ್ ಆರ್ನಿ ಎಂಬ ಕಾಡಿನ ನೀರೆಮ್ಮೆಯಿಂದ ಬಂದದ್ದು, ಆ ಪ್ರಾಣಿ ಈಗ ಬಹುಪಾಲು ಅಸ್ಸಾಮಿನ ಕಾಜಿರಂಗ, ಮಾನಸ ಕಾಡುಗಳಲ್ಲಿ ಉಳಿದಿದೆ, ಛತ್ತೀಸಗಢದಲ್ಲಿ ಬೆರಳೆಣಿಕೆಯಷ್ಟಿವೆ.

ನಂಟು ಎಷ್ಟು ಹತ್ತಿರ ಎಂಬುದನ್ನು ತಿಳಿಯಲು ನಮ್ಮ ವೃತ್ತಿಯಲ್ಲಿ ಒಂದು ಒರೆಗಲ್ಲಿದೆ, ಅದು ಕೂಡುವಿಕೆ. ಎಮ್ಮೆ ಮತ್ತು ಹೋರಿಯನ್ನು ಒಂದೇ ದೊಡ್ಡಿಯಲ್ಲಿ ವರ್ಷಗಟ್ಟಲೆ ಕಟ್ಟಿದರೂ ಕರು ಹುಟ್ಟುವುದಿಲ್ಲ. ಆದರೆ ಆಕಳಿಗೂ ಬೈಸನ್ನಿಗೂ, ಆಕಳಿಗೂ ಕಾಟಿಗೂ, ಆಕಳಿಗೂ ಹಿಮಾಲಯದ ಯಾಕ್‌ಗೂ ಕರು ಹುಟ್ಟುತ್ತದೆ, ಅಂಥ ಮಿಶ್ರ ಸಂತತಿಯಲ್ಲಿ ಹೆಣ್ಣು ಕರು ಬೆಳೆದು ಮತ್ತೆ ಈಯಬಲ್ಲದು, ಮೊದಲ ತಲೆಮಾರಿನ ಗಂಡು ಸಾಮಾನ್ಯವಾಗಿ ಬಂಜೆಯಾಗಿರುತ್ತದೆ. ಅಂದರೆ ಈ ನಾಲ್ಕೂ ಒಂದೇ ಮನೆತನದಿಂದ ಬೇರೆಯಾಗಿ ಬಹಳ ಕಾಲವಾಗಿದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ, ಎಮ್ಮೆಯ ಕವಲು ಮಾತ್ರ ಅದಕ್ಕೂ ಬಹಳ ಹಿಂದೆಯೇ ಬೇರೆಯಾಗಿದೆ. ವರ್ಣತಂತುಗಳ ಲೆಕ್ಕವೂ ಇದನ್ನೇ ಹೇಳುತ್ತದೆ: ಆಕಳಿಗೆ 60, ಬೈಸನ್ನಿಗೆ 60, ನಮ್ಮ ಕಾಟಿಗೆ 58, ನಮ್ಮ ಸೀಮೆಯ ಎಮ್ಮೆಗೆ 50.

ಇನ್ನು ಮಕ್ಕಳಿಗೆ ಕಣ್ಣಿಗೆ ಕಾಣುವ ಗುರುತು ಹೇಳಬೇಕೆಂದರೆ, ನನ್ನ ಅಭಿಪ್ರಾಯದಲ್ಲಿ ಬೆನ್ನಿನಿಂದಲೇ ಶುರುಮಾಡಬೇಕು. ಮೂರು ಪ್ರಾಣಿಗಳಿಗೆ ಹೆಗಲಲ್ಲಿ ಉಬ್ಬಿದೆ, ಮೂರೂ ಉಬ್ಬುಗಳು ಒಂದೇ ಬಗೆಯವಲ್ಲ. ನಮ್ಮ ಕಿಲಾರಿ ಎತ್ತಿನ ಇಣಿಯಲ್ಲಿ ಮೂಳೆಯೇ ಇಲ್ಲ, ಅದು ಬರೀ ಮಾಂಸಖಂಡ ಮತ್ತು ಕೊಬ್ಬು. ಕಾಟಿಗೆ ಇಣಿ ಎಂಬುದಿಲ್ಲ. ಹೆಗಲಿನಿಂದ ಬೆನ್ನಿನ ನಡುವಿನವರೆಗೆ ಒಂದು ದಿಂಡು ಓಡಿ ಅಲ್ಲಿ ಥಟ್ಟನೆ ಇಳಿದುಬಿಡುತ್ತದೆ, ಎದೆಭಾಗದ ಬೆನ್ನುಮೂಳೆಗಳ ಮೇಲಿನ ಮುಳ್ಳುಗಳು ಉದ್ದವಾಗಿ ಬೆಳೆದು ಆ ದಿಂಡು ಆಗಿರುತ್ತದೆ. ಬೈಸನ್ನಿನ ಡುಬ್ಬದ ಒಳಗೂ ಅಂಥದೇ ಉದ್ದ ಮೂಳೆಗಳಿವೆ, ಒಂದೊಂದು ಅಡಿಗಿಂತ ಹೆಚ್ಚು ಉದ್ದ. ಆದರೆ ಅಲ್ಲಿ ಅವುಗಳ ಕೆಲಸ ಬೇರೆ. ಅದರ ಭಾರವಾದ ತಲೆಯನ್ನು ಎತ್ತಿ ಹಿಡಿಯುವ ಸ್ನಾಯುಗಳು ಆ ಮೂಳೆಗಳಿಗೆ ಅಂಟಿಕೊಂಡಿರುತ್ತವೆ, ಚಳಿಗಾಲದಲ್ಲಿ ಅದು ತಲೆಯನ್ನು ಅತ್ತಿತ್ತ ಬೀಸುತ್ತಾ ಹಿಮವನ್ನು ಸರಿಸಿ ಕೆಳಗಿನ ಹುಲ್ಲು ಮೇಯುತ್ತದೆ. ನಮ್ಮ ಎಮ್ಮೆಗೆ ಇಣಿಯೂ ಇಲ್ಲ, ದಿಂಡೂ ಇಲ್ಲ, ಆ ಹುಡುಗ ಹೇಳಿದ ಹಾಗೆ ಗಂಗೆದೊಗಲೂ ಇಲ್ಲ.

ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು ಸಿಂಗರಿಸುವಾಗ ಸಾಧು ಸ್ವಭಾವದ ಒಂದು ಎತ್ತಿನ ಇಣಿಯನ್ನು ಅಂಗೈಯಿಂದ ಪಕ್ಕಕ್ಕೆ ಒತ್ತಿ ನೋಡಲು ಮಕ್ಕಳಿಗೆ ಹೇಳಿ. ಪುಸ್ತಕದ ಹತ್ತು ಚಿತ್ರಗಳಿಗಿಂತ ಅದು ಹೆಚ್ಚು ಕಲಿಸುತ್ತದೆ.

ಉತ್ತರ: ಸಿಂಧನೂರಿನವ, ಈಗ ದಾಂಡೇಲಿ

ಡಾಕ್ಟರ್ ಸಾಹೇಬರು ಒಳಗಿನ ಮೂಳೆ ಹೇಳಿದರು, ನಾನು ಹೊರಗೆ ಕಂಡದ್ದನ್ನು ಸೇರಿಸುತ್ತೇನೆ. ಹುಟ್ಟಿದ್ದು ಬಯಲುಸೀಮೆಯಲ್ಲಿ, ಮೊದಲ ಸಲ ಕಾಟಿಯನ್ನು ನೋಡಿದ್ದು ಇಲ್ಲಿಗೆ ಬಂದ ಮೇಲೆ. ಬೆಳಗಿನ ಮಂಜಿನಲ್ಲಿ ಬಿದಿರು ಮೆಳೆಯ ಅಂಚಿಗೆ ಒಂದು ಗಂಡು ನಿಂತಿತ್ತು. ಮೈ ಎಣ್ಣೆ ಹಚ್ಚಿದಂತೆ ಕಪ್ಪು, ಮೊಣಕಾಲಿನಿಂದ ಗೊರಸಿನವರೆಗೆ ನಾಲ್ಕೂ ಕಾಲಿಗೆ ಬಿಳಿ ಕಾಲುಚೀಲ ತೊಡಿಸಿದ ಹಾಗೆ, ಎರಡು ಕೊಂಬುಗಳ ನಡುವೆ ಹಣೆಯ ಮೇಲೆ ಬೂದು ಬಣ್ಣದ ಎತ್ತರದ ದಿಣ್ಣೆ. ಕೊಂಬು ಬುಡದಲ್ಲಿ ಹಳದಿ, ತುದಿಯಲ್ಲಿ ಕಪ್ಪು, ಪಕ್ಕಕ್ಕೆ ಹೊರಟು ಮೇಲಕ್ಕೆ ಬಾಗಿರುತ್ತದೆ. ಎಮ್ಮೆಯ ಕೊಂಬಿನಂತೆ ಚಪ್ಪಟೆಯಾಗಿ ಹಿಂದಕ್ಕೆ ಮಲಗಿರುವುದಿಲ್ಲ. ನಮ್ಮ ಸುಳಿವು ಹತ್ತಿದ ಕೂಡಲೇ ಅದು ಮೂಗಿನಿಂದ ಸೀಟಿ ಹೊಡೆದಂತೆ ಒಂದು ಸದ್ದು ಮಾಡಿತು, ಹಿಂಡು ಕ್ಷಣದಲ್ಲಿ ಮರೆಯಾಯಿತು. ತೂಕ ಸಾವಿರ ಕಿಲೋ ಮುಟ್ಟುವ ಪ್ರಾಣಿ ಇಷ್ಟು ಹಗುರವಾಗಿ ಸರಿದುಹೋಗಬಲ್ಲದು ಎಂಬುದನ್ನು ನೋಡದೆ ನಂಬುವುದು ಕಷ್ಟ.

ಒಂದು ಮಾತು ನಮ್ಮ ಕಡೆಯ ಮಕ್ಕಳಿಗೆ ಉಪಯೋಗವಾದೀತು. ಎಮ್ಮೆ ಬಿಸಿಲೇರಿದರೆ ಹಳ್ಳ ಕೆರೆ ಹುಡುಕಿ ಕೆಸರಿನಲ್ಲಿ ಹೊರಳುತ್ತದೆ, ಕಾಟಿ ಹಾಗೆ ಹೊರಳುವುದಿಲ್ಲ, ನೆರಳು ಹುಡುಕಿ ನಿಂತು ಮೆಲುಕು ಹಾಕುತ್ತದೆ. ಆಗ ತಾನೇ ಹುಟ್ಟಿದ ಕಾಟಿಯ ಕರು ಕಪ್ಪಗಿರುವುದಿಲ್ಲ, ಹೊಂಬಣ್ಣಕ್ಕಿರುತ್ತದೆ. ಅಮೆರಿಕದ ಬೈಸನ್ ಕರುವೂ ಕೆಂಬಣ್ಣದ್ದೇ.

ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಬಯಲಿನಲ್ಲಿ ಕಾಟಿ ಇಲ್ಲ. ಆದರೆ ಕೊಪ್ಪಳದ ಎರೆಹೊಲಗಳಲ್ಲಿ ಓಡಾಡುವ ಕೃಷ್ಣಮೃಗ ಇದೇ ದೊಡ್ಡ ಕುಟುಂಬದ್ದು, ಜಿಂಕೆಯ ಕುಟುಂಬದ್ದಲ್ಲ. ಸಾರಂಗದ ಕೊಂಬು ಕಾಲಕಾಲಕ್ಕೆ ಉದುರಿ ಹೊಸದು ಬರುತ್ತದೆ, ಕೃಷ್ಣಮೃಗ, ಎತ್ತು, ಕಾಟಿ, ಬೈಸನ್ ಇವುಗಳ ಕೊಂಬು ಒಳಗೆ ಎಲುಬು, ಹೊರಗೆ ಚಿಪ್ಪು, ಜೀವಮಾನವಿಡೀ ಒಂದೇ.

ಕಾಟಿಗೆ ನಮ್ಮ ದನಗಳಿಂದ ಆದ ಕೇಡನ್ನೂ ಪಾಠದಲ್ಲಿ ಹೇಳಬೇಕು. ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಊರ ದನಗಳಿಂದ ಕಾಡಿಗೆ ದಾಟುತ್ತಿತ್ತು; 1968ರಲ್ಲಿ ಬಂಡೀಪುರದ ಪಕ್ಕದ ಮುದುಮಲೆಯಲ್ಲಿ ಅದು ಹರಡಿ ಕಾಟಿಗಳ ಹಿಂಡುಗಳೇ ಬರಿದಾದವು. ಲಸಿಕೆಯ ಫಲವಾಗಿ 2011ರಲ್ಲಿ ಆ ರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಕಾಲುಬಾಯಿ ಬೇನೆಯ ಭಯ ಮಾತ್ರ ಈಗಲೂ ಇದೆ.

ಮರುಪ್ರಶ್ನೆ: ಗಂಗಾವತಿ ಮೇಷ್ಟ್ರು

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ನಿಜವಾದ ಬೈಸನ್ ಯಾವುದು, ಅದು ಈ ಮನೆತನದಲ್ಲಿ ಎಲ್ಲಿ ನಿಲ್ಲುತ್ತದೆ? ಬಂಡೆಯ ಗೂಳಿಯ ವಿಷಯವೂ ಬಾಕಿ ಉಳಿದಿದೆ.

ಉತ್ತರ: ಬಳ್ಳಾರಿಯ ಇತಿಹಾಸ ವಿದ್ಯಾರ್ಥಿನಿ

ಬೈಸನ್ ಇಂದು ಉಳಿದಿರುವುದು ಎರಡೇ: ಉತ್ತರ ಅಮೆರಿಕದ ಬೈಸನ್ ಮತ್ತು ಯುರೋಪಿನ ಬೈಸನ್. ಅಮೆರಿಕದ್ದು ಅಲ್ಲೇ ಹುಟ್ಟಿದ್ದಲ್ಲ. ಹಿಮಯುಗದಲ್ಲಿ ಸಮುದ್ರದ ನೀರು ಇಳಿದು ಸೈಬೀರಿಯಕ್ಕೂ ಅಲಾಸ್ಕಕ್ಕೂ ನೆಲದ ಸೇತುವೆ ಏರ್ಪಟ್ಟಾಗ, ಸುಮಾರು ಒಂದೂವರೆ ಲಕ್ಷ ವರ್ಷಗಳ ಹಿಂದೆ, ಏಷ್ಯಾದಿಂದ ನಡೆದು ಹೋದ ಹಿಂಡುಗಳ ಸಂತತಿ ಅದು. ಕೋಟಿಗಳ ಲೆಕ್ಕದಲ್ಲಿದ್ದ ಆ ಪ್ರಾಣಿ ಚರ್ಮದ ವ್ಯಾಪಾರಕ್ಕೂ, ಅದನ್ನೇ ನಂಬಿ ಬದುಕಿದ್ದ ಮೂಲನಿವಾಸಿಗಳನ್ನು ಹಣಿಯುವ ನೀತಿಗೂ ಬಲಿಯಾಗಿ 1880ರ ದಶಕದ ಕೊನೆಗೆ ಒಂದು ಸಾವಿರದ ಆಸುಪಾಸಿಗೆ ಇಳಿಯಿತು. ಯುರೋಪಿನದು ಇನ್ನೂ ಕೆಟ್ಟ ಸ್ಥಿತಿ ಕಂಡಿತು. ಪೋಲೆಂಡಿನ ಬ್ಯಾಲೊವೇಝ ಕಾಡಿನ ಹಿಂಡು ಮೊದಲ ಮಹಾಯುದ್ಧದ ಹೊತ್ತಿಗೆ ಅಳಿಯಿತು, ಕಾಕಸಸ್ ಬೆಟ್ಟಗಳದು 1927ರಲ್ಲಿ. ಮೃಗಾಲಯಗಳಲ್ಲಿ ಉಳಿದಿದ್ದ ಕೆಲವನ್ನು ಬೆಳೆಸಿ 1952ರಿಂದ ಮತ್ತೆ ಕಾಡಿಗೆ ಬಿಟ್ಟರು. ಇಂದಿನ ಯುರೋಪಿನ ಬೈಸನ್‌ಗಳೆಲ್ಲವೂ ಕೇವಲ 12 ಪ್ರಾಣಿಗಳ ಸಂತತಿ. ಅಷ್ಟು ಕಿರಿದಾದ ಬೇರಿನಿಂದ ಒಂದು ಜಾತಿ ಮತ್ತೆ ಚಿಗುರಿತೆಂಬುದು ನನಗೆ ಇಂದಿಗೂ ಆಶ್ಚರ್ಯ.

ಮನೆತನದ ವಿಷಯ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಅಮೆರಿಕದ ಬೈಸನ್ನನ್ನು ಬಾಸ್ ಕುಲದಲ್ಲೇ ಇಟ್ಟಿದ್ದರು, ಆಮೇಲಿನವರು ಅದಕ್ಕೆ ಬೈಸನ್ ಎಂಬ ಪ್ರತ್ಯೇಕ ಕುಲ ಮಾಡಿದರು. ಈಗ ಡಿಎನ್‌ಎ ಓದಿದವರು ಬೈಸನ್ನಿಗೆ ಅತಿ ಹತ್ತಿರದ ನಂಟ ಯಾಕ್ ಎನ್ನುತ್ತಾರೆ, ಆದ್ದರಿಂದ ಹಲವರು ಮತ್ತೆ ಲಿನೇಯಸ್ಸರ ದಾರಿಗೇ ಮರಳಿದ್ದಾರೆ. ಯಾಕ್ ಆಕಳಿನಂತೆ ಅಂಬಾ ಎನ್ನದೆ ಗೊರಗೊರ ಗುಟುರು ಹಾಕುತ್ತದೆ, ಬೈಸನ್ನೂ ಹಾಗೆಯೇ; ಯಾಕ್‌ನ ಶಾಸ್ತ್ರೀಯ ಹೆಸರಿಗೂ ಗುಟುರು ಹಾಕುವುದು ಎಂದೇ ಅರ್ಥ. ಒಂದು ತೊಡಕು ಮಾತ್ರ ಉಳಿದಿದೆ. ತಾಯಿಯಿಂದ ಮಾತ್ರ ಇಳಿದು ಬರುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ನೋಡಿದರೆ ಯುರೋಪಿನ ಬೈಸನ್ ಅಮೆರಿಕದ್ದರ ಪಕ್ಕಕ್ಕೆ ನಿಲ್ಲದೆ ಆಕಳುಗಳ ಪಕ್ಕಕ್ಕೆ ನಿಲ್ಲುತ್ತದೆ. ಹಳೆಯ ಕಾಲದ ಬೆರಕೆ ಇದಕ್ಕೆ ಕಾರಣವಿರಬಹುದೆಂಬ ವಾದವಿದೆ.

ಈಗ ನಮ್ಮ ಕಪ್ಪಗಲ್ಲು. ಅಲ್ಲಿ ಬಿಡಿಸಿರುವುದು ಕಾಟಿಯಲ್ಲ, ಇಣಿಯುಳ್ಳ ಊರ ಗೂಳಿ. ಡಾಕ್ಟರ್ ಸಾಹೇಬರ ಮಾತಿನಂತೆ ಬೆನ್ನನ್ನೇ ನೋಡಿ: ಬಂಡೆಯ ಗೂಳಿಗೆ ಇಣಿ ಹೆಗಲಿನ ಮೇಲೆ ಬೇರೆಯಾಗಿ ಎದ್ದಿದೆ, ಬೆನ್ನಿನ ನಡುವಿನವರೆಗೆ ಓಡುವ ದಿಂಡು ಇಲ್ಲ, ಕೊಂಬು ಬಹಳ ಉದ್ದ. ನಮ್ಮ ದನಗಳ ಪೂರ್ವಜ ಆರಾಕ್ಸ್ ಎಂಬ ಕಾಡುದನದ ಭಾರತೀಯ ಬಗೆ. ಅದನ್ನು ಸುಮಾರು 8000 ವರ್ಷಗಳ ಹಿಂದೆ ಬಲೂಚಿಸ್ತಾನದ ಮೆಹರ್‌ಗಢದ ಸೀಮೆಯಲ್ಲಿ ಪಳಗಿಸಿದರು. ಕಾಡಿನ ಆರಾಕ್ಸ್ ಈಗ ಎಲ್ಲಿಯೂ ಇಲ್ಲ, ಕೊನೆಯದು 1627ರಲ್ಲಿ ಪೋಲೆಂಡಿನಲ್ಲಿ ಸತ್ತಿತು.

ಆ ಗೂಳಿಗಳನ್ನು ಕುಟ್ಟಿದ ಜನರು ದನ ಸಾಕಿಯೇ ಬದುಕಿದವರು ಎಂಬುದಕ್ಕೆ ಬಳ್ಳಾರಿ ಹತ್ತಿರದ ಕುಡತಿನಿಯ ಬೂದಿದಿಬ್ಬ ಸಾಕ್ಷಿ. ಹಂಪಿಯ ಸಮೀಪದ ನಿಂಬಾಪುರದ ಬೂದಿಯನ್ನು ವಾಲಿಯ ಚಿತೆಯ ಬೂದಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಗೆದು ನೋಡಿದವರಿಗೆ ಇಂಥ ದಿಬ್ಬಗಳಲ್ಲಿ ಸಿಕ್ಕಿದ್ದು ಮತ್ತೆ ಮತ್ತೆ ಸುಟ್ಟ ಸಗಣಿ. ಕೃಷ್ಣೆಯಾಚೆ ತೆಲಂಗಾಣದ ಉತ್ನೂರಿನಲ್ಲಿ 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅವರು ಅಗೆದಾಗ ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಕುಳಿಗಳೂ, ಒಳಗೆ ದನಗಳ ಗೊರಸಿನ ಗುರುತುಗಳೂ ಹಾಗೆಯೇ ಉಳಿದಿದ್ದವು. ನಾಲ್ಕೈದು ಸಾವಿರ ವರ್ಷದ ಹಿಂದಿನ ಒಂದು ಸಂಜೆ ದೊಡ್ಡಿಯಲ್ಲಿ ತುಳಿದಾಡಿದ ದನದ ಹೆಜ್ಜೆ ಅದು. ಕುಡತಿನಿಗೆ ಹೋದಾಗ ಆ ಮಾತನ್ನು ಮಕ್ಕಳಿಗೆ ಖಂಡಿತ ಹೇಳಿ.

ಗಂಗಾವತಿ ಮೇಷ್ಟ್ರು

ಕಾರಹುಣ್ಣಿಮೆ ಮುಗಿದು ಮೂರು ದಿನವಾಯಿತು. ಆ ಹುಡುಗನ ಓಣಿಯಲ್ಲಿ ಒಂದು ಹಳೆಯ ಕಿಲಾರಿ ಎತ್ತಿದೆ, ಮೈ ತೊಳೆಯುವಾಗ ಮಕ್ಕಳು ಒಬ್ಬೊಬ್ಬರಾಗಿ ಅದರ ಇಣಿಯನ್ನು ಅಂಗೈಯಿಂದ ಒತ್ತಿದರು. ಇಣಿ ಪಕ್ಕಕ್ಕೆ ವಾಲಿ, ಕೈ ತೆಗೆದ ಕೂಡಲೇ ಮತ್ತೆ ನೆಟ್ಟಗಾಗುತ್ತಿತ್ತು. ‘ಒಳಗ ಎಲುಬಿಲ್ಲ ಸರ್’ ಎಂದು ಹುಡುಗ ಹೇಳಿ, ಬೆರಳನ್ನು ಹಾಗೆಯೇ ಹಿಂದಕ್ಕೆ ಸರಿಸಿ ಬೆನ್ನುಮೂಳೆ ಎಲ್ಲಿ ಕೈಗೆ ಸಿಗುತ್ತದೆಂದು ಉಳಿದವರಿಗೆ ತೋರಿಸಿದ. ಅವನ ಉತ್ತರಪತ್ರಿಕೆಯಲ್ಲಿ ಗೆರೆ ಹೊಡೆದು ಅಂಕ ತಿದ್ದಿದ್ದೇನೆ, ತರಗತಿಯ ಎದುರಿಗೆ ಅದನ್ನು ಓದಿಯೂ ಹೇಳಿದ್ದೇನೆ. ಮುಂದಿನ ತಿಂಗಳು ಕುಡತಿನಿಗೆ ಹೋಗಲು ತೀರ್ಮಾನವಾಗಿದೆ.