ಮುಖದ ಲಕ್ವ: ರಾತ್ರಿ ಕಣ್ಣಿಗೆ ಹಾಕಿದ ಟೇಪ್ ನಿಲ್ತಿಲ್ಲ, ಬಲೂನ್ ಊದಬಹುದಾ?

ತುಂಗಾತೀರ:
ಬೆಲ್ಸ್ ಪಾಲ್ಸಿ (ಮುಖದ ನರ ಸೋತು ಒಂದು ಕಡೆ ಅಲುಗದೆ, ಕಣ್ಣು ಪೂರ್ತಿ ಮುಚ್ಚದಿರೋದು) ಆದವರ ಒಂದು ಪುಟ್ಟ ವಾಟ್ಸಾಪ್ ಗುಂಪು ನೋಡಿಕೊಳ್ತೀನಿ. ಹೊಸಬರೆಲ್ಲ ಹೇಳೋದು ಒಂದೇ: ರಾತ್ರಿ ಕಣ್ಣಿಗೆ ಹಾಕಿದ ಟೇಪ್ ಬೆಳಗ್ಗೆ ದಿಂಬಿನ ಮೇಲಿರತ್ತೆ, ಕಣ್ಣು ಕೆಂಪು. ಜೊತೆಗೆ ಬಲೂನ್ ಊದಿ, ಚ್ಯೂಯಿಂಗ್ ಗಮ್ ಅಗೀರಿ ಅಂತ ಹಳಬರ ಸಲಹೆ. ತಡೀಬೇಕಾ?

ಬಯಲುಸೀಮೆ:
ಟೇಪ್ ಬಿಡೋದು ಹೆಚ್ಚಾಗಿ ಕಣ್ಣು ಒಣಗದಂತೆ ಹಾಕೋ ಮುಲಾಮಿನ ಜಿಡ್ಡಿಗೆ. ಕೆಳರೆಪ್ಪೆ ಎಳೆದು ಒಳಗೆ ಅರ್ಧ ಸೆಂಟಿಮೀಟರಿನಷ್ಟು ಮುಲಾಮು ಬಿಡಿ, ಹೊರಗೆ ಬಂದದ್ದನ್ನ ಟಿಶ್ಯೂನಿಂದ ಒತ್ತಿ ತೆಗೀರಿ. ಆಮೇಲೆ ಕೆಳಗೆ ನೋಡ್ತಾ ಬೆರಳಿನ ಹಿಂಭಾಗದಿಂದ ಮೇಲ್ರೆಪ್ಪೆ ಇಳಿಸಿ. ಬಿಳಿಗುಡ್ಡೆ ಒಂಚೂರೂ ಕಾಣದಿದ್ದಾಗ ಮಾತ್ರ ಅರ್ಧ ಇಂಚಿನ ಮೈಕ್ರೋಪೋರ್ ಟೇಪನ್ನ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಅಡ್ಡಡ್ಡ ಅಂಟಿಸಿ. ತುದಿ ಮಡಚಿಟ್ಟರೆ ಬೆಳಗ್ಗೆ ಒದ್ದೆ ಹತ್ತಿಯಿಂದ ನೆನೆಸಿ ಬಿಡಿಸೋದು ಸುಲಭ. ಹತ್ತಿ ಉಂಡೆ ಇಟ್ಟು ಮೇಲೆ ಟೇಪ್ ಸುತ್ತೋದು ಬೇಡವೇ ಬೇಡ. ಒಳಗೆ ರೆಪ್ಪೆ ತೆರೆದರೆ ಹತ್ತಿ ನೇರ ಕರಿಗುಡ್ಡೆಗೆ ಉಜ್ಜತ್ತೆ.

ಹಗಲಲ್ಲಿ ಗಂಟೆ, ಎರಡು ಗಂಟೆಗೊಮ್ಮೆ ಕೃತಕ ಕಣ್ಣೀರಿನ ಹನಿ. ಅಷ್ಟು ಸಲ ಹಾಕೋದಾದ್ರೆ ಪ್ರಿಸರ್ವೇಟಿವ್ ಇಲ್ಲದ್ದು ಕೇಳಿ. ಫ್ಯಾನ್ ಗಾಳಿ ಮುಖಕ್ಕೆ ನೇರ ಬೀಳದ ಹಾಗೆ ಮಲಗಲಿ. ಮುಲಾಮಿನಿಂದ ಸ್ವಲ್ಪ ಹೊತ್ತು ಮಂಜಾಗೋದು ಸಹಜ. ಆದ್ರೆ ಕೆಂಪಿನ ಜೊತೆ ನೋವು, ಬೆಳಕು ನೋಡಲಾಗದಿರೋದು ಇದ್ರೆ ಗುಂಪಲ್ಲಿ ಕೇಳ್ತಾ ಕೂರಬಾರದು, ಅವತ್ತೇ ಕಣ್ಣಿನ ಡಾಕ್ಟರು.

ಹೇಮಾವತಿ:
ಬಲೂನು ತಡೀರಿ. ಜೋರಾಗಿ ಊದುವಾಗ ಚೆನ್ನಾಗಿರೋ ಕಡೆಯೇ ಕೆಲಸ ಮಾಡಿ ಬಾಯಿ ಇನ್ನೂ ಆ ಕಡೆಗೆ ಎಳೆಯತ್ತೆ. ಗಮ್ ಅಗಿಯೋದಂತೂ ದವಡೆಯ ಕೆಲಸ, ಅದರ ನರವೇ ಬೇರೆ. ಅಲುಗಾಟವೇ ಇಲ್ಲದ ಹಂತದಲ್ಲಿ ಕೆನ್ನೆಯನ್ನ ಮೆಲ್ಲಗೆ ತಿಕ್ಕಿದರೆ ಸಾಕು. ಚೂರು ಅಲುಗಿದ ಮೇಲೆ ಕನ್ನಡಿ ಮುಂದೆ ದಿನಕ್ಕೆ 2-3 ಸಲ, 5 ನಿಮಿಷ: ‘ಈ’, ‘ಊ’ ಅಂತ ತುಟಿ ನಿಧಾನಕ್ಕೆ ಆಡಿಸೋದು, ಸರಿ ಇರೋ ಕೆನ್ನೆಯನ್ನ ಬೆರಳಲ್ಲಿ ತಡೆದುಕೊಂಡು. ತುಟಿ ಆಡಿಸುವಾಗ ಕಣ್ಣು ಕಿರಿದಾದ್ರೆ ಅಲ್ಲೇ ನಿಲ್ಲಿಸಿ. ನರದ ಎಳೆಗಳು ದಾರಿ ತಪ್ಪಿ ಬೆಳೆದಾಗ ಹೀಗಾಗೋದು. ಇದಕ್ಕೆ ಸಿಂಕೈನೇಸಿಸ್ ಅಂತಾರೆ, ಸಾಮಾನ್ಯವಾಗಿ ಕೆಲವು ತಿಂಗಳಾದ ಮೇಲೆ ಕಾಣಿಸಿಕೊಳ್ಳತ್ತೆ. ಮುಖದ ಸ್ನಾಯುಗಳಿಗೆ ‘ಕರೆಂಟ್ ಕೊಡಿಸೋದ’ರಿಂದ ಲಾಭ ಅನ್ನೋಕೆ ಗಟ್ಟಿ ಆಧಾರ ಇಲ್ಲ, ದುಡ್ಡು ಮಾತ್ರ ಖರ್ಚು.

ತುಂಗಾತೀರ:
ಬಹಳ ಉಪಕಾರ. ಪಿನ್ ಮಾಡೋಕೆ ಇನ್ನೇನಾದ್ರೂ?

ಬಯಲುಸೀಮೆ:
ಸ್ಟೀರಾಯ್ಡ್ ಮಾತ್ರೆ ಶುರು ಮಾಡೋದಿದ್ರೆ ಲಕ್ವ ಕಾಣಿಸಿಕೊಂಡ 72 ಗಂಟೆ ಒಳಗೆ, ಡಾಕ್ಟರು ಹೇಳಿದ ಪ್ರಮಾಣದಲ್ಲಿ. ಶುಗರ್ ಇದ್ದವರು ಮೊದಲೇ ಹೇಳಬೇಕು. ಬಾಯಿ ಸೊಟ್ಟಗಾಗಿಯೂ ಹಣೆ ಎರಡೂ ಕಡೆ ಸುಕ್ಕುಗಟ್ಟಿದ್ರೆ, ಇಲ್ಲಾ ಕೈಕಾಲು ಸೋತಿದ್ರೆ, ಮಾತು ತೊದಲಿದ್ರೆ ಮಿದುಳಿನ ಲಕ್ವ ಇರಬಹುದು, 108. ಕಿವಿಯಲ್ಲಿ ಗುಳ್ಳೆ ಎದ್ದಿದ್ರೂ ತೋರಿಸ್ಲಿ, ಅದಕ್ಕೆ ಔಷಧಿ ಬೇರೆ ಸೇರತ್ತೆ. 3 ತಿಂಗಳಾದ್ರೂ ಪೂರ್ತಿ ಸರಿಹೋಗದಿದ್ರೆ ತಜ್ಞರ ಹತ್ತಿರ ಮತ್ತೆ ಹೋಗ್ಲಿ.

ಹೇಮಾವತಿ:
ಇನ್ನೊಂದು: ‘ನಗೋ ಫೋಟೊ ಹಾಕಿ’ ಅಂತ ಗುಂಪಲ್ಲಿ ಯಾರನ್ನೂ ಕೇಳಬೇಡಿ. ಬದಲಾವಣೆ ನೋಡೋಕೆ ವಾರಕ್ಕೊಂದು ಫೋಟೊ, ಒಂದೇ ಬೆಳಕಲ್ಲಿ, ಅವರವರ ಫೋನಲ್ಲೇ ಇರಲಿ. ಡಾಕ್ಟರಿಗೆ ತೋರಿಸೋಕೂ ಅದೇ ಆಗತ್ತೆ.