ಜೆಟ್ ಬೋಟಿನ ಕೂಲಿಂಗ್ ನೀರಿಗೆ ಎಷ್ಟು ಮೆಶ್‌ನ ಜಾಲರಿ ಬೇಕು?

ಪ್ರಶ್ನೆ (ಸದಾಶಿವಗಡ): ಎಲ್ಲರಿಗೂ ನಮಸ್ಕಾರ. ನನ್ನದು 18 ಅಡಿಯ ಜೆಟ್ ಬೋಟು, ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಕೂಲಿಂಗ್ ನೀರಿಗೆ ಬೇರೆ ಪಂಪ್ ಇಲ್ಲ, ಬೋಟನ್ನು ತಳ್ಳುವ ಜೆಟ್ ಪಂಪಿನ ಒತ್ತಡದಿಂದಲೇ ಒಂದಿಂಚಿನ ಹೋಸಿನಲ್ಲಿ ಇಂಜಿನ್ನಿಗೆ ಬರುತ್ತದೆ. ಮರಳು ಹೋಗಬಾರದು ಅಂತ 60 ಮೆಶ್‌ನ (ಇಂಚಿಗೆ 60 ಕಣ್ಣಿನ) ವೈ ಸ್ಟ್ರೇನರ್, ಅಂದರೆ ಪೈಪಿನ ನಡುವೆ ಕೂರುವ Y ಆಕಾರದ ಸೋಸುವ ಜಾಲರಿ, ಹಾಕಿಸಿದ್ದೇನೆ. ಕಾಳಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನಿಧಾನ ಹೋದರೆ ಕಾಲು ಗಂಟೆಯೊಳಗೆ ಟೆಂಪರೇಚರ್ 65ರಿಂದ 90ಕ್ಕೆ ಏರುತ್ತದೆ. ಬಿಚ್ಚಿ ನೋಡಿದರೆ ಗಾಳಿಮರದ ಕಡ್ಡಿ, ಕಾಂಡ್ಲಾ (ಮ್ಯಾಂಗ್ರೋವ್) ಎಲೆಯ ಚೂರು, ಬಲೆಯ ನೂಲು, ಜೊತೆಗೆ ಮರಳು. ಇನ್ನೂ ಸಣ್ಣ ಮೆಶ್ ಹಾಕಲೋ, ಸ್ಟ್ರೇನರ್ ತೆಗೆದೇಬಿಡಲೋ?

ಉತ್ತರ (ಮರೀನ್ ಮೆಕ್ಯಾನಿಕ್, ಕಾರವಾರ): ಎರಡೂ ಬೇಡ ಸರ್. ಜಾಲರಿ ಸಣ್ಣದಾದಷ್ಟೂ ಇಂಜಿನ್ ಸುರಕ್ಷಿತ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. 60 ಮೆಶ್ ಅಂದರೆ ಕಣ್ಣು ಕಾಲು ಮಿಲಿಮೀಟರ್. ಅದಕ್ಕಿಂತ ದಪ್ಪ ಮರಳು ಅದರಲ್ಲೇ ನಿಲ್ಲುತ್ತದೆ, ಎಲೆ ಬಂದು ಅದರ ಮೇಲೆ ಚಾಪೆಯ ಹಾಗೆ ಕೂರುತ್ತದೆ, ನೀರಿನ ದಾರಿ ಮುಚ್ಚುತ್ತದೆ. ನಿಮ್ಮ ಇಂಜಿನ್ ಬಿಸಿಯಾಗುತ್ತಿರುವುದು ಮರಳಿನಿಂದಲ್ಲ, ಜಾಲರಿಯಿಂದ.

ನಿಧಾನ ಹೋಗುವಾಗಲೇ ಯಾಕೆ ಕಾಯುತ್ತದೆ ಅಂದರೆ, ಪಂಪಿನ ಒತ್ತಡ ಆರ್‌ಪಿಎಂನ (ನಿಮಿಷಕ್ಕೆ ಎಷ್ಟು ಸುತ್ತು) ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ನಾಲ್ಕು ಪಟ್ಟಾದರೆ ಒತ್ತಡ 16 ಪಟ್ಟು. 800 ಆರ್‌ಪಿಎಂನಲ್ಲಿ 2 ಪಿಎಸ್‌ಐ ಇದ್ದರೆ 3200ಕ್ಕೆ 32. ಜೋರಾಗಿ ಓಡಿಸುವಾಗ ಅರ್ಧ ಕಟ್ಟಿದ ಜಾಲರಿಯಲ್ಲೂ ನೀರು ನುಗ್ಗಿ ಹೋಗುತ್ತದೆ. ಐಡಲ್‌ನಲ್ಲಿ ಆ ಬಲ ಇರುವುದಿಲ್ಲ.

ಈಗ ಅಳತೆ. 20 ಮೆಶ್ ಸಾಕು. ಅದರ ಕಣ್ಣು ಸುಮಾರು 0.85 ಮಿ.ಮೀ., ಕಡ್ಡಿ, ನೂಲು, ಬಳಚಿನ ಚಿಪ್ಪಿನ ಚೂರು ಎಲ್ಲ ನಿಲ್ಲುತ್ತವೆ. ಅದಕ್ಕಿಂತ ಸಣ್ಣ ಮರಳು ನೀರಿಗೆ ವೇಗ ಇದ್ದರೆ ಇಂಜಿನ್ ದಾಟಿ ಎಕ್ಸಾಸ್ಟಿನಲ್ಲಿ ಹೊರಗೆ ಹೋಗುತ್ತದೆ.

ಮೆಶ್‌ಗಿಂತ ಹೆಚ್ಚು ಗಮನ ಕೊಡಬೇಕಾದ್ದು ಜಾಲರಿಯ ವಿಸ್ತೀರ್ಣಕ್ಕೆ. ಒಂದಿಂಚಿನ ಹೋಸಿನ ಬಾಯಿ ಸುಮಾರು 490 ಚದರ ಮಿ.ಮೀ. ಸಣ್ಣ ವೈ ಸ್ಟ್ರೇನರಿನ ಜಾಲರಿ 28 ಮಿ.ಮೀ. ಅಗಲ, 60 ಮಿ.ಮೀ. ಉದ್ದ ಅಂದುಕೊಳ್ಳಿ. ತಂತಿಯ ಜಾಗ ಕಳೆದರೆ ತೆರೆದ ಭಾಗ ಹೋಸಿನ ನಾಲ್ಕು ಪಟ್ಟು ಆಗುವುದೇ ಕಷ್ಟ, ಅಂಗೈಯಗಲದ ಪ್ಲಾಸ್ಟಿಕ್ ಒಂದು ಬಂದರೆ ಮುಗಿಯಿತು. ಅದೇ 60 ಮಿ.ಮೀ. ಅಗಲ, 120 ಮಿ.ಮೀ. ಎತ್ತರದ ಬುಟ್ಟಿ ಸ್ಟ್ರೇನರಿಗೆ 20 ಮೆಶ್ ಹಾಕಿದರೆ ತೆರೆದ ಭಾಗ ಹೋಸಿನ 20 ಪಟ್ಟು. ಮುಕ್ಕಾಲು ಪಾಲು ಕಟ್ಟಿದರೂ ನೀರಿಗೆ ತೊಂದರೆ ಇಲ್ಲ.

ಇಂಥ ಬುಟ್ಟಿ ಎರಡನ್ನು ಅಕ್ಕಪಕ್ಕ ಕೂರಿಸಿ. ಪ್ರತಿಯೊಂದಕ್ಕೂ ಹಿಂದೆ ಮುಂದೆ ಬಾಲ್ ವಾಲ್ವ್. ಒಂದು ಓಡುತ್ತಿರಲಿ, ಇನ್ನೊಂದು ತೊಳೆದು ಸಿದ್ಧ ಇರಲಿ. ಬದಲಿಸುವಾಗ ಮೊದಲು ಎರಡನೆಯದನ್ನು ತೆರೆಯಬೇಕು, ಆಮೇಲೆ ಮೊದಲನೆಯದನ್ನು ಮುಚ್ಚಬೇಕು. ಉಲ್ಟಾ ಮಾಡಿದರೆ ಆ ಕೆಲವು ಸೆಕೆಂಡು ಎಕ್ಸಾಸ್ಟಿನ ರಬ್ಬರ್ ಹೋಸಿಗೆ ನೀರೇ ಇರುವುದಿಲ್ಲ, ಮೊದಲು ಸುಡುವುದು ಅದೇ. ಮುಚ್ಚಳ ತೆಗೆಯುವ ಮುಂಚೆ ಆ ಬುಟ್ಟಿಯ ಎರಡೂ ವಾಲ್ವ್ ಮುಚ್ಚಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ. ತೆರೆದಿದ್ದರೆ ಪಂಪು ನೀರನ್ನು ನೇರ ಬೋಟಿನೊಳಗೇ ತುಂಬುತ್ತದೆ.

ಸ್ಟ್ರೇನರಿನ ಹಿಂದೊಂದು, ಮುಂದೊಂದು 0–60 ಪಿಎಸ್‌ಐ ಗೇಜ್ ಹಾಕಿ. ತೊಳೆದ ದಿನ ಒಂದೇ ಆರ್‌ಪಿಎಂನಲ್ಲಿ ಎರಡರ ವ್ಯತ್ಯಾಸ ಬರೆದಿಡಿ. ಅದು 5 ಪಿಎಸ್‌ಐ ಹೆಚ್ಚಾದಾಗ ಬುಟ್ಟಿ ಬದಲಿಸಿ, ಟೆಂಪರೇಚರ್ ಏರುವವರೆಗೆ ಕಾಯಬೇಡಿ. ನೀರೇ ಇಲ್ಲದಾಗ ಸೆನ್ಸರಿನ ಸುತ್ತ ಬರೀ ಗಾಳಿ ಇರುತ್ತದೆ, ಆಗ ಮೀಟರಿನ ಮುಳ್ಳು ಸುಮ್ಮನೆ ಕೆಳಗೇ ನಿಲ್ಲಬಹುದು. ಇಂಜಿನ್ ಕಡೆಯ ಗೇಜ್ 30 ಪಿಎಸ್‌ಐ ದಾಟದ ಹಾಗೆ ಮಧ್ಯೆ ಪ್ರೆಷರ್ ರೆಗ್ಯುಲೇಟರ್ ಇರಲಿ, ಇಲ್ಲದಿದ್ದರೆ ಗ್ಯಾಸ್ಕೆಟ್ ಮೊದಲು ಸೋರುತ್ತದೆ.

ಪಾರದರ್ಶಕ ಮುಚ್ಚಳದ ಪ್ಲಾಸ್ಟಿಕ್ ಸ್ಟ್ರೇನರ್ ತರಬೇಡಿ. ಅವುಗಳಲ್ಲಿ ಬಹಳಷ್ಟು ನೀರನ್ನು ಹೀರುವ ಕಡೆಗೆ ಮಾಡಿದವು, ಒತ್ತಡದ ಕಡೆ ಹಾಕಿದರೆ ಒಡೆಯುತ್ತವೆ. ಗನ್‌ಮೆಟಲ್ (ಒಂದು ಬಗೆಯ ಕಂಚು) ಅಥವಾ 316 ದರ್ಜೆಯ ಸ್ಟೀಲ್ ತನ್ನಿ. 304 ಉಪ್ಪುನೀರಿನಲ್ಲಿ ಚುಕ್ಕೆ ಚುಕ್ಕೆಯಾಗಿ ತೂತು ಬೀಳುತ್ತದೆ, ಸಾದಾ ಹಿತ್ತಾಳೆಯೊಳಗಿನ ಸತುವು ಕರಗಿ ಅದು ಪುಡಿಯಾಗುತ್ತದೆ.

ಉತ್ತರ (ತದಡಿ): ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ವೈ ಸ್ಟ್ರೇನರ್ ಎಸೆಯಬೇಡಿ. ಜಾಲರಿ ಬದಲಿಸಿ 20 ಮೆಶ್ ಮಾಡಿ, ತುದಿಯ ಪ್ಲಗ್ ತೆಗೆದು ಅಲ್ಲಿ ಅರ್ಧ ಇಂಚಿನ ಬಾಲ್ ವಾಲ್ವ್ ಕೂರಿಸಿ, ಅದರ ಹೋಸನ್ನು ಬೋಟಿನ ಹೊರಗೆ ಬಿಡಿ. 1500 ಆರ್‌ಪಿಎಂನಲ್ಲಿ ಹತ್ತು ಸೆಕೆಂಡು ತೆರೆದರೆ ಒಳಗಿನ ಮರಳು ಒಂದೇ ಸಲಕ್ಕೆ ಹೊರಗೆ ಹೋಗುತ್ತದೆ. ನೂಲು, ಎಲೆ ಹೀಗೆ ಬರುವುದಿಲ್ಲ, ಅದನ್ನು ಕೈಯಿಂದಲೇ ತೆಗೆಯಬೇಕು.

ಮರಳು ಬಹಳ ಬರುವ ಜಾಗವಾದರೆ ಬುಟ್ಟಿಯ ನಂತರ ಸೈಕ್ಲೋನ್ ಸೆಪರೇಟರ್ ಹಾಕಬಹುದು. ನೀರು ಒಳಗೆ ಸುತ್ತುತ್ತದೆ, ಭಾರದ ಮರಳು ಗೋಡೆಗೆ ಒತ್ತಿ ಕೆಳಗಿಳಿಯುತ್ತದೆ, ಅಡಿಯಿಂದ 6 ಮಿ.ಮೀ. ಹೋಸಿನಲ್ಲಿ ಸದಾ ಹೊರಗೆ ಹರಿಯುತ್ತಿರುತ್ತದೆ. ಹಗುರ ಕಸ ಇದರಲ್ಲಿ ಬೇರೆಯಾಗುವುದಿಲ್ಲ. ಐಡಲ್‌ನಲ್ಲಿ ಸುತ್ತುವ ವೇಗವೂ ಸಾಲದು.

ಎಲ್ಲಕ್ಕಿಂತ ಮೊದಲು ಮರಳನ್ನು ಒಳಗೆ ತಗೊಳ್ಳದೇ ಇರುವುದು. ಎರಡಡಿಗಿಂತ ಕಮ್ಮಿ ನೀರಿನಲ್ಲಿ ನಿಂತು ಇಂಜಿನ್ ಓಡಿಸಬೇಡಿ. ನಿಂತಲ್ಲೇ ಇರುವ ಜೆಟ್ ತಳದ ಮರಳನ್ನು ಎಬ್ಬಿಸಿ ಕುಡಿಯುತ್ತದೆ. ಓಡುವ ಬೋಟು ಅದೇ ಆಳದಲ್ಲಿ ಅಷ್ಟು ಎಳೆಯುವುದಿಲ್ಲ, ಮರಳು ಏಳುವಷ್ಟರಲ್ಲಿ ಮುಂದೆ ಹೋಗಿರುತ್ತದೆ. ಬೋಟನ್ನು ಸೊಂಟದ ಆಳಕ್ಕೆ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡಿ. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ 1950ರ ದಶಕದಲ್ಲಿ ಜೆಟ್ ಬೋಟನ್ನು ರೂಪಿಸಿದ್ದು ಅಲ್ಲಿನ ಕಮ್ಮಿ ಆಳದ, ಜಲ್ಲಿಕಲ್ಲಿನ ನದಿಗಳಿಗೆ. ನಮ್ಮ ಅಳಿವೆಯ ಸಣ್ಣ ಮರಳು, ಕೆಸರಿನ ಗುಣ ಬೇರೆ.

ಪ್ರಶ್ನೆ (ಶಿರಸಿ): ಅಡಿಕೆ ತೋಟದ ಡ್ರಿಪ್ ಫಿಲ್ಟರ್ ಮನೆಯಲ್ಲಿ ಹೊಸದೇ ಇದೆ, ಬೆಲೆಯೂ ಕಮ್ಮಿ. ಅದನ್ನೇ ಹಾಕಿದರೆ ಆಗುವುದಿಲ್ಲವಾ?

ಉತ್ತರ (ಮರೀನ್ ಮೆಕ್ಯಾನಿಕ್, ಕಾರವಾರ): ಬೇಡ ಮಾರಾಯ್ರೆ. ಡ್ರಿಪ್ ಫಿಲ್ಟರ್ ಸಾಮಾನ್ಯವಾಗಿ 120 ಮೆಶ್, ಅಂದರೆ 130 ಮೈಕ್ರಾನ್. ಡ್ರಿಪ್ಪರಿನ ತೂತಿಗೆ ಅದು ಬೇಕೇ ಬೇಕು, ಇಂಜಿನ್ನಿಗೆ ಬೇಡ. ಅಳಿವೆಯ ನೀರಿಗೆ ಕೆಲವೇ ನಿಮಿಷದಲ್ಲಿ ಕಟ್ಟುತ್ತದೆ. ಅದರ ಪ್ಲಾಸ್ಟಿಕ್ ಬಾಡಿ ಇಂಜಿನ್ ರೂಮಿನ ಬಿಸಿಗೆ ಮೆತ್ತಗಾಗುತ್ತದೆ, ಒತ್ತಡಕ್ಕೆ ಮುಚ್ಚಳ ಹಾರಿದರೆ ಬೋಟಿನೊಳಗೆ ನೀರು. ತೋಟದಲ್ಲಿ ಒಡೆದರೆ ನೆಲ ಒದ್ದೆಯಾಗುತ್ತದೆ ಅಷ್ಟೇ, ಇಲ್ಲಿ ಜನ ಕೂತಿರುತ್ತಾರೆ.

ಪ್ರಶ್ನೆ (ಸದಾಶಿವಗಡ): ಅರ್ಥವಾಯಿತು ಸರ್. ಮಧ್ಯೆ ಒಂದು ವಾರ ಸ್ಟ್ರೇನರ್ ಇಲ್ಲದೆಯೂ ಓಡಿಸಿದ್ದೆ. ಒಳಗೆ ಕೂತ ಮರಳನ್ನು ತೆಗೆಯುವುದು ಹೇಗೆ?

ಉತ್ತರ (ಮರೀನ್ ಮೆಕ್ಯಾನಿಕ್, ಕಾರವಾರ): ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಲಾಕಿನ ಡ್ರೈನ್ ಪ್ಲಗ್, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಅಡಿಯ ಪ್ಲಗ್ ತೆಗೆಯಿರಿ. ನೀರು ಧಾರೆಯಾಗಿ ಬರಬೇಕು. ತೊಟ್ಟಿಕ್ಕಿದರೆ ತೂತಿನ ಬಾಯಲ್ಲೇ ಮರಳು ಕೂತಿದೆ, ತಂತಿ ಹಾಕಿ ಸಡಿಲಿಸಿ. ಆಮೇಲೆ ಥರ್ಮೋಸ್ಟಾಟ್ ಬಿಚ್ಚಿ ಅದರ ಜಾಗದಿಂದ ಸಿಹಿನೀರು ಬಿಡಿ. ನೀರು ಯಾವಾಗಲೂ ಹೋಗುವ ದಿಕ್ಕಿಗೆ ವಿರುದ್ಧ ಹರಿದರೆ ಮಾತ್ರ ಮೂಲೆಯ ಮರಳು ಏಳುತ್ತದೆ. ಪ್ಲಗ್ ತೂತಿನಿಂದ ತಿಳಿನೀರು ಬರುವವರೆಗೆ ನಿಲ್ಲಿಸಬೇಡಿ. ಆಯಿಲ್ ಕೂಲರ್ ಇದ್ದರೆ ಬಿಚ್ಚಿ ಅದರ ಕೊಳವೆಗಳಲ್ಲಿ ಒಂದೊಂದಾಗಿ ಮರದ ಕಡ್ಡಿ ಹಾಯಿಸಿ, ಕಬ್ಬಿಣದ ಸರಳು ಬೇಡ.

ನಿಮ್ಮದು ಉಪ್ಪುನೀರು ನೇರ ಬ್ಲಾಕಿಗೆ ಹೋಗುವ ಇಂಜಿನ್. ಇಂಥವಕ್ಕೆ 60 ಡಿಗ್ರಿ ಆಸುಪಾಸಿನ ಥರ್ಮೋಸ್ಟಾಟ್ ಕೊಡುವುದೇ ಬಿಸಿ ಹೆಚ್ಚಾದರೆ ಉಪ್ಪು ಗೋಡೆಗೆ ಕಟ್ಟುತ್ತದೆ ಅಂತ. 90 ಮುಟ್ಟಿದೆ ಅಂದರೆ ಮರಳು, ಉಪ್ಪು ಸೇರಿ ಗಟ್ಟಿಯಾಗಿರಬಹುದು. ಒಂದು ಸಲಕ್ಕೆ ಬರದಿದ್ದರೆ ರಾತ್ರಿ ಸಿಹಿನೀರು ತುಂಬಿಸಿಟ್ಟು ಬೆಳಿಗ್ಗೆ ಮತ್ತೆ ತೊಳೆಯಿರಿ. ಪ್ಲಗ್ಗಿನ ವಾಷರ್ ಹೊಸದು ಹಾಕಿ.

ಪ್ರಶ್ನೆ (ಮುರ್ಡೇಶ್ವರ): ಜೆಟ್ ಸ್ಕೀಗೂ ಹೀಗೇನಾ? ದಿನಾ ತೊಳೆಯುವ ಕ್ರಮ ಹೇಗೆ?

ಉತ್ತರ (ತದಡಿ): ಅದರಲ್ಲಿ ದೊಡ್ಡ ಬುಟ್ಟಿಗೆ ಜಾಗ ಇಲ್ಲ, ನೀರು ಒಳಬರುವ ಬಾಯಿಯ ಗ್ರಿಲ್ ಮತ್ತು ಪಂಪಿನ ಸಣ್ಣ ಜಾಲರಿಯನ್ನೇ ಸ್ವಚ್ಛ ಇಡಬೇಕು. ನಲ್ಲಿಯ ಹೋಸು ಜೋಡಿಸಿ ಸಿಹಿನೀರಿನಲ್ಲಿ ಫ್ಲಶ್ ಮಾಡುವಾಗ ಮೊದಲು ಇಂಜಿನ್ ಸ್ಟಾರ್ಟ್, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ ಬಂದ್, ಆಮೇಲೆ ಇಂಜಿನ್. ಇಂಜಿನ್ ನಿಂತಿರುವಾಗ ನಲ್ಲಿ ತೆರೆದಿದ್ದರೆ ನೀರು ಎಕ್ಸಾಸ್ಟ್ ತುಂಬಿ ಸಿಲಿಂಡರಿಗೆ ಇಳಿಯುತ್ತದೆ. ಗ್ರಿಲ್‌ನಲ್ಲಿ ಪ್ಲಾಸ್ಟಿಕ್ ಸಿಕ್ಕಿದೆ ಅಂತ ಕೈ ಹಾಕುವ ಮುಂಚೆ ಇಂಜಿನ್ ನಿಲ್ಲಿಸಿ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬೋಟಿಗೂ ಇದೇ.