ಟಿಬಿಎಲ್ಲಾ, ಲೆಕ್ಚರಾ? ಮಾಡಿ ನೋಡಿದವರು ಹೇಳಿ

ರಾಯಚೂರು ಫಾರ್ಮಾ ಮೇಡಂ:
ನಮ್ಮ ಮೆಡಿಕಲ್ ಕಾಲೇಜಿನ ಫಾರ್ಮಕಾಲಜಿ ವಿಭಾಗದಲ್ಲಿ ಮುಂದಿನ ತಿಂಗಳಿಂದ ಕೆಲವು ಲೆಕ್ಚರ್ ತೆಗೆದು ಟಿಬಿಎಲ್ (ಟೀಮ್ ಬೇಸ್ಡ್ ಲರ್ನಿಂಗ್, ಅಂದರೆ ಮಕ್ಕಳು ಓದಿ ಬಂದು ಟೀಮಾಗಿ ಪ್ರಶ್ನೆ ಬಿಡಿಸೋದು) ಮಾಡಿ ಎಂದಿದ್ದಾರೆ. 150 ಮಕ್ಕಳು, ಮೆಟ್ಟಿಲು ಬೆಂಚಿನ ಒಂದೇ ಹಾಲ್, ಟೀಚರ್ ಮೂವರು. ತುಂಬಾ ಮಕ್ಕಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಅನುಭವ ಇದ್ದವರು ಹೇಳ್ತೀರಾ?

ಬಳ್ಳಾರಿ ಟೀಚರ್:
ನಾನು ಆರು ಸೆಷನ್ ಮಾಡಿದ್ದೇನೆ. ಖರ್ಚು ಮೊದಲು ಹೇಳಿಬಿಡ್ತೀನಿ. ಆರಾರು ಜನರ 25 ಟೀಮ್. ಟೀಮ್ ಟೆಸ್ಟಿಗೆ ಕೆರೆಯುವ ಕಾರ್ಡ್ ಬೇಕಲ್ಲ, ಟೀಮು ಆರಿಸಿದ ಉತ್ತರ ಕೆರೆದಾಗ ಸರಿಯಿದ್ದರೆ ಅಡಿಯಲ್ಲಿ ನಕ್ಷತ್ರ ಕಾಣಬೇಕು. ಪ್ರತಿ ಆಯ್ಕೆಯ ಮೇಲೆ ಬೆಳ್ಳಿ ಬಣ್ಣದ ಸ್ಟಿಕ್ಕರ್ ತಂದು ನಾವೇ ಅಂಟಿಸಿದೆವು. 10 ಪ್ರಶ್ನೆ, ನಾಲ್ಕು ನಾಲ್ಕು ಆಯ್ಕೆ, 25 ಕಾರ್ಡ್. ಒಂದು ಸೆಷನ್ನಿಗೆ 1,000 ಸ್ಟಿಕ್ಕರ್! ಒಂದಕ್ಕೆ 1 ರೂಪಾಯಿ 20 ಪೈಸೆ. ಜೆರಾಕ್ಸ್ 300. ಆರು ಸೆಷನ್ನಿಗೆ 9,000 ರೂಪಾಯಿ. ಬಿಲ್ ಕೊಟ್ಟೆ, ಪಾಸಾಗಲಿಲ್ಲ, ನನ್ನ ಸಂಬಳದಿಂದಲೇ ಹೋಯಿತು. ಏಪ್ರಿಲ್‌ನಲ್ಲಿ ಕಾರ್ಡುಗಳನ್ನು ಕಾರಲ್ಲಿಟ್ಟು ಊಟಕ್ಕೆ ಹೋಗಿದ್ದೆ. ಬಳ್ಳಾರಿ ಬಿಸಿಲಿಗೆ ಅಂಟು ಕರಗಿ ಸ್ಟಿಕ್ಕರ್ ಜಾರಿದ್ದವು, ಸರಿ ಉತ್ತರದ ನಕ್ಷತ್ರ ಅರ್ಧ ಹೊರಗೆ ಕಾಣುತ್ತಿತ್ತು. ಅವತ್ತು ರಾತ್ರಿ ಹನ್ನೊಂದರವರೆಗೆ ಮನೆಯವರು, ಮಗಳು, ನಾನು ಕೂತು ಮತ್ತೆ ಅಂಟಿಸಿದೆವು. ಆದರೂ ನಾನು ಬಿಡಲ್ಲ. ಕಡೇ ಬೆಂಚಿನ ಹುಡುಗರು ಒಂದು ಉತ್ತರಕ್ಕಾಗಿ ಎದ್ದು ನಿಂತು ವಾದ ಮಾಡಿದ್ದನ್ನು ನನ್ನ ಲೆಕ್ಚರ್‌ನಲ್ಲಿ ಯಾವತ್ತೂ ನೋಡಿರಲಿಲ್ಲ.

ಕೊಪ್ಪಳ ಡಾಕ್ಟರ್:
ನಾನು ಲೆಕ್ಚರ್ ಕೇಳಿಯೇ ಡಾಕ್ಟರ್ ಆದವನು. ಅಪ್ಪ ಜೋಡಿ ಎತ್ತು ಮಾರಿ ಫೀಸು ಕಟ್ಟಿದ್ದು ಮೇಷ್ಟ್ರ ಬಾಯಿಂದ ಪಾಠ ಕೇಳಲಿ ಅಂತ, ಪಕ್ಕದ ಹುಡುಗನಿಂದ ಅಲ್ಲ. ನಮ್ಮ ಅನಾಟಮಿ ಸರ್ ಬ್ರೇಕಿಯಲ್ ಪ್ಲೆಕ್ಸಸ್ಸನ್ನು (ಕತ್ತಿನಿಂದ ತೋಳಿಗೆ ಹೋಗುವ ನರಗಳ ಜಾಲ) ಬಣ್ಣದ ಸೀಮೆಸುಣ್ಣದಲ್ಲಿ ಬರೀತಿದ್ದರು. ಐದು ಬೇರು, ಮೂರು ಕಾಂಡ, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬೆಳೆಯುತ್ತಿತ್ತು. ಆ ನೋಟ್ಸ್ ಇನ್ನೂ ನನ್ನ ಹತ್ತಿರ ಇದೆ. ನನ್ನ ತಂಗಿಗೆ ಟೀಮ್ ಕ್ಲಾಸ್ ಇತ್ತು. ಉಳಿದವರು ಓದಿ ಬರುತ್ತಿರಲಿಲ್ಲ, ಇವಳೇ ರಾತ್ರಿಯಿಡೀ ಸ್ಲೈಡ್ ಮಾಡಬೇಕು. ಮಾರ್ಕ್ಸ್ ಎಲ್ಲರಿಗೂ ಒಂದೇ. ಪರೀಕ್ಷೆ ಒಬ್ಬರೇ ಬರೆಯೋದು, ಅಲ್ವಾ?

ಬಳ್ಳಾರಿ ಟೀಚರ್:
ಸರ್, ನಿಮ್ಮ ತಂಗಿ ಮಾಡಿದ್ದು ಸೆಮಿನಾರ್. ಟಿಬಿಎಲ್‌ನಲ್ಲಿ ಸ್ಲೈಡೇ ಇಲ್ಲ. ಮನೆಯಲ್ಲಿ ಓದಿ ಬಂದು ಮೊದಲು ಒಬ್ಬೊಬ್ಬರೇ ಟೆಸ್ಟ್ ಬರೀಬೇಕು, ಆಮೇಲೆ ಅದೇ ಪ್ರಶ್ನೆ ಟೀಮಿಗೆ. ಓದದವನು ಅಲ್ಲೇ ಸಿಕ್ಕಿಬೀಳುತ್ತಾನೆ. ಪ್ರೊಫೆಸರ್ ಲ್ಯಾರಿ ಮೈಕೆಲ್ಸನ್ 1970ರ ದಶಕದ ಕೊನೆಗೆ ಅಮೆರಿಕದ ಒಕ್ಲಹೋಮಾದಲ್ಲಿ ಬಿಸಿನೆಸ್ ಕ್ಲಾಸಿಗೆ ಇದನ್ನು ಶುರು ಮಾಡಿದ್ದೇ ಕ್ಲಾಸು ದೊಡ್ಡದಾಗಿ ಲೆಕ್ಚರ್ ಸಾಲದೆ ಹೋದಾಗ. 2019ರ ಎಂಬಿಬಿಎಸ್ ಪಠ್ಯಕ್ರಮವೇ ಲೆಕ್ಚರ್ ಮೂರನೇ ಒಂದು ಭಾಗ ಮೀರಬಾರದು ಅಂದಿತ್ತು. ಗೊತ್ತಿಲ್ಲದೆ ಬೈಯಬೇಡಿ.

ಕೊಪ್ಪಳ ಡಾಕ್ಟರ್:
ಗೊತ್ತಿಲ್ಲ ಅನ್ನಬೇಡಿ ಮೇಡಂ. ಅಳುತ್ತಾ ಫೋನ್ ಮಾಡಿದ್ದು ನನ್ನ ತಂಗಿ.

ಸಿಂಧನೂರು ಹುಡುಗಿ:
ನಾನು ಕನ್ನಡ ಮೀಡಿಯಂನವಳು. ನನ್ನ ಟೀಮ್‌ನಲ್ಲಿ ನಾಲ್ಕು ಜನ ಪಟಪಟ ಇಂಗ್ಲಿಷ್ ಮಾತಾಡುವವರು. ಅವತ್ತಿನ ಕೇಸು, ಗದ್ದೆಗೆ ಔಷಧಿ ಹೊಡೆದ ರೈತ, ಬಾಯಲ್ಲಿ ಜೊಲ್ಲು, ಎದೆ ಗೊರಗೊರ. ಆ ವಿಷಕ್ಕೆ ಕೊಡುವ ಮದ್ದು ಆಟ್ರೋಪಿನ್ ಸಾಕಾಯಿತು ಅಂತ ಯಾವುದರಿಂದ ತಿಳಿಯೋದು? ಅವರೆಲ್ಲ ಕಣ್ಣಿನ ಪಾಪೆ ಅಗಲವಾದರೆ ಅಂದರು. ನಮ್ಮ ಮಾವನಿಗೂ ಹೀಗೇ ಆಗಿ ಆಸ್ಪತ್ರೆಗೆ ಹಾಕಿದಾಗ ಡಾಕ್ಟರ್ ಗಂಟೆಗಟ್ಟಲೆ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಿದ್ದರು, ಪಕ್ಕದಲ್ಲೇ ನಿಂತಿದ್ದೆ. ಎದೆಯ ನೀರು ಒಣಗಬೇಕು ಅಂತ ನನಗೆ ಗೊತ್ತಿತ್ತು. ಬಾಯಿ ಬರಲಿಲ್ಲ. ಕೆರೆದರು, ನಕ್ಷತ್ರ ಇಲ್ಲ. ಕೊನೆಗೆ ಟೀಮಿನವರು ಒಬ್ಬರಿಗೊಬ್ಬರು ಮಾರ್ಕ್ಸ್ ಹಾಕುವಾಗ ನನಗೆ ಹತ್ತಕ್ಕೆ ಎರಡು. ಮಾತಾಡಲ್ಲ ಅಂತ ಕಾರಣ.

ಹೊಸಪೇಟೆ ಇಂಟರ್ನ್:
ತಂಗಿ, ಬೇಜಾರಾಗಬೇಡ, ಆದರೆ ಮಾತಾಡೋದು ಕಲಿಯಲೇಬೇಕು. ಪಿಜಿಗೆ ಹೊರಗೆ ಹೋದರೆ ಯಾರು ಕನ್ನಡ ಕೇಳ್ತಾರೆ?

ಸಿಂಧನೂರು ಹುಡುಗಿ:
ಅಣ್ಣಾ, ಆ ರೈತ ಬಂದು ಇಂಗ್ಲಿಷಲ್ಲಿ ಹೇಳ್ತಾನಾ?

ಕೊಪ್ಪಳ ಡಾಕ್ಟರ್:
ಸರಿಯಾಗಿ ಕೇಳಿದೆ ತಂಗಿ. ಲೆಕ್ಚರ್‌ನಲ್ಲಾದರೆ ನಮ್ಮ ಸರ್ ಅರ್ಧ ಕನ್ನಡದಲ್ಲೇ ಹೇಳುತ್ತಿದ್ದರು.

ಬಳ್ಳಾರಿ ಟೀಚರ್:
ನನ್ನ ಟೀಮ್‌ಗಳಲ್ಲಿ ಕನ್ನಡದಲ್ಲೇ ವಾದ ಮಾಡಿ ಅಂತ ಮೊದಲ ದಿನವೇ ಹೇಳ್ತೀನಿ. ಕಾರ್ಡಲ್ಲಿ ಇಂಗ್ಲಿಷ್ ಇದ್ದರೆ ಸಾಕು. ಮಾರ್ಕ್ಸ್ ಹಾಕುವ ಹಾಳೆಯಲ್ಲಿ ಮಾತಾಡ್ತಾರಾ ಅನ್ನೋ ಸಾಲು ತೆಗೆದುಹಾಕಿ, ಓದಿ ಬಂದಿದ್ದರಾ ಅಂತ ಮಾತ್ರ ಇಟ್ಟಿದ್ದೇನೆ.

ಹೊಸಪೇಟೆ ಇಂಟರ್ನ್:
ಮೇಡಂ, ಆ ಜೆರಾಕ್ಸ್ ದುಡ್ಡು ಸಿಆರ್ (ಕ್ಲಾಸ್ ಪ್ರತಿನಿಧಿ) ಹತ್ತಿರ ಎತ್ತಿಸಬೇಡಿ ದಯವಿಟ್ಟು. ನಮ್ಮ ಬ್ಯಾಚಿನಲ್ಲಿ ತಲೆಗೆ 40 ರೂಪಾಯಿ ಎತ್ತಿದರು, ಲೆಕ್ಕ ಕೇಳಿದ್ದಕ್ಕೆ ನಾನೇ ಕೆಟ್ಟವನಾದೆ.

ಬಳ್ಳಾರಿ ಟೀಚರ್:
ಒಂದು ರೂಪಾಯಿ ಎತ್ತಿಲ್ಲಪ್ಪ. 9,000 ನನ್ನ ಸಂಬಳದ್ದು ಅಂತ ಮೇಲೇ ಬರೆದಿದ್ದೇನಲ್ಲ!

ರಾಯಚೂರು ಫಾರ್ಮಾ ಮೇಡಂ:
ಮೇಡಂ, ಮೆಟ್ಟಿಲು ಬೆಂಚಿನಲ್ಲಿ ಆರು ಜನ ಹೇಗೆ ಕೂರಿಸಿದಿರಿ?

ಬಳ್ಳಾರಿ ಟೀಚರ್:
ಮೂವರು ಮುಂದಿನ ಸಾಲಲ್ಲಿ, ಹಿಂದಕ್ಕೆ ತಿರುಗಿ. ಮೂವರು ಹಿಂದಿನ ಸಾಲಲ್ಲಿ. ಒಂದು ಟೀಮಿಗೂ ಅದರ ಹಿಂದಿನ ಟೀಮಿಗೂ ನಡುವೆ ಒಂದು ಸಾಲು ಖಾಲಿ ಬಿಡಿ, ಇಲ್ಲಾಂದ್ರೆ ನಿಮಗೆ ನಡೆಯೋಕೆ ಜಾಗ ಸಿಗಲ್ಲ.